ಹಳೇ ಮೊಟ್ಟೆ ತಿನ್ನಬಹುದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಫ್ರಿಜ್ಜಿನ ಮೂಲೆಯಲ್ಲಿ ಮರೆತುಹೋದ ನಾಲ್ಕು ಮೊಟ್ಟೆ ಸಿಕ್ಕಾಗ ಎಲ್ಲರಿಗೂ ಬರುವ ಅನುಮಾನ ಒಂದೇ, ಕೇಳುವ ಬಗೆ ಮಾತ್ರ ಬೇರೆ. ಮಾತಿನ ನಡುವೆ, ಪತ್ರಗಳಲ್ಲಿ, ಅಡುಗೆಮನೆಯಿಂದಲೇ ಮಾಡಿದ ಫೋನುಗಳಲ್ಲಿ ನನಗೆ ಹೆಚ್ಚು ಸಲ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿಟ್ಟಿದ್ದೇನೆ. ಬರೀ ‘ಮೊಟ್ಟೆ’ ಎಂದಲ್ಲೆಲ್ಲ ಕೋಳಿಮೊಟ್ಟೆ ಎಂದೇ ಓದಿಕೊಳ್ಳಿ.

## ಮೊದಲ ಅನುಮಾನಗಳು

ಮೊಟ್ಟೆ ಹಳೇದಾಯ್ತು ಅಂದ್ರೆ ಕೆಟ್ಟುಹೋಯ್ತು ಅಂತ ತಾನೇ?

ಹಾಗೇನಿಲ್ಲ. ಹಳತಾಗುವುದು, ಕೆಡುವುದು, ರೋಗ ತರುವುದು ಈ ಮೂರೂ ಬೇರೆ ಬೇರೆ. ಚಿಪ್ಪಿನ ಸಣ್ಣ ರಂಧ್ರಗಳಿಂದ ನೀರಿನಂಶವೂ ಇಂಗಾಲದ ಡೈಆಕ್ಸೈಡೂ ಹೊರಹೋಗಿ ಒಳಗಿನ ಲೋಳೆ ತೆಳುವಾಗುವುದು ಹಳತಾಗುವುದು. ಅದರಿಂದ ರುಚಿಯೂ ರೂಪವೂ ಕುಂದುತ್ತದೆ, ಹೊಟ್ಟೆಗೇನೂ ಆಗುವುದಿಲ್ಲ. ಬ್ಯಾಕ್ಟೀರಿಯಾ ಒಳಹೊಕ್ಕು ಕೊಳೆಸಿದರೆ ಅದು ಕೆಡುವುದು. ಸಾಮಾನ್ಯವಾಗಿ ಮೂಗಿಗೆ ಕೂಡಲೇ ಗೊತ್ತಾಗುತ್ತದೆ. ಮೂರನೆಯದು ಸಾಲ್ಮೊನೆಲ್ಲಾದಂಥ ರೋಗಾಣು. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಇವತ್ತು ಬೆಳಿಗ್ಗೆ ಇಟ್ಟ ಮೊಟ್ಟೆಯಲ್ಲೂ ಇರಬಹುದು, ತಿಂಗಳ ಹಿಂದಿನದರಲ್ಲಿ ಇಲ್ಲದೆಯೂ ಇರಬಹುದು. ಮನೆಯಲ್ಲಿ ಮಾಡುವ ಪರೀಕ್ಷೆಗಳಲ್ಲಿ ಹೆಚ್ಚಿನವು ಮೊದಲನೆಯದನ್ನಷ್ಟೇ ಅಳೆಯುತ್ತವೆ. ಇದನ್ನು ಮರೆತಾಗಲೇ ಗೊಂದಲ ಶುರುವಾಗುವುದು.

ಫ್ರಿಜ್ಜಲ್ಲಿ ಎಷ್ಟು ದಿನ ಇರುತ್ತೆ? ಹೊರಗೆ?

4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆಯಿರುವ ಫ್ರಿಜ್ಜಿನಲ್ಲಿ ಚಿಪ್ಪು ಒಡೆಯದ ಹಸಿ ಮೊಟ್ಟೆ ಮೂರರಿಂದ ಐದು ವಾರ. ಬೇಯಿಸಿದ್ದು ಒಂದು ವಾರ. ಒಡೆದು ಬೇರೆ ಮಾಡಿದ ಬಿಳಿ ಅಥವಾ ಹಳದಿ ಎರಡರಿಂದ ನಾಲ್ಕು ದಿನ. ಹೊರಗಿಟ್ಟದ್ದಕ್ಕೆ ಹೀಗೆ ಒಂದೇ ಅಂಕಿ ಹೇಳಲಾಗದು. ಕೋಣೆಯ ಬಿಸಿ ಏರಿದಷ್ಟೂ ಆಯಸ್ಸು ಇಳಿಯುತ್ತದೆ. ಫ್ರಿಜ್ಜಿನಲ್ಲಿ ಹಲವು ದಿನಕ್ಕೆ ಆಗುವ ಸವಕಳಿ ಸೆಕೆಯ ಕೋಣೆಯಲ್ಲಿ ಒಂದೇ ದಿನಕ್ಕೆ ಆಗಿಬಿಡುತ್ತದೆ.

ಡಬ್ಬಿ ಮೇಲಿನ ದಿನಾಂಕ ದಾಟಿ ಒಂದು ವಾರ ಆಯ್ತು. ಎಸೆದುಬಿಡಲಾ?

ಮೊದಲು ಅದು ಯಾವ ದಿನಾಂಕ ಎಂದು ಓದಿ. ಪ್ಯಾಕ್ ಮಾಡಿದ ದಿನ, ಮಾರಲು ಕೊನೆಯ ದಿನ, ‘ಇಷ್ಟರೊಳಗೆ ಉತ್ತಮ’ ಎನ್ನುವ ದಿನ, ಇವು ಮೂರೂ ಒಂದೇ ಅಲ್ಲ. ಯುರೋಪಿನ ಒಕ್ಕೂಟದ ನಿಯಮದಲ್ಲಿ ಮೊಟ್ಟೆ ಇಟ್ಟ ದಿನದಿಂದ 28 ದಿನದವರೆಗೆ ‘ಉತ್ತಮ’ ಎಂದು ಬರೆಯಬಹುದು. 29ನೆಯ ದಿನ ಅದು ವಿಷವಾಗುತ್ತದೆ ಎಂದು ಇದರರ್ಥವಲ್ಲ. ಉದ್ದಕ್ಕೂ ಫ್ರಿಜ್ಜಿನಲ್ಲೇ ಇತ್ತು, ಚಿಪ್ಪು ಬಿರಿದಿಲ್ಲ, ಒಡೆದಾಗ ವಾಸನೆಯಿಲ್ಲ, ಗಟ್ಟಿಯಾಗುವಂತೆ ಬೇಯಿಸುತ್ತೀರಿ ಎಂದಾದರೆ ಒಂದು ವಾರ ದಾಟಿದ್ದನ್ನು ನಾನು ಎಸೆಯುವುದಿಲ್ಲ. ಅರೆಬೆಂದದ್ದೇ ಬೇಕು ಎನ್ನುವವರು ಹೊಸದನ್ನು ತರಲಿ.

## ಒಡೆಯುವ ಮುನ್ನ

ನೀರಲ್ಲಿ ಹಾಕಿ ನೋಡೋದು ನಿಜವಾಗ್ಲೂ ಕೆಲಸ ಮಾಡುತ್ತಾ?

ವಯಸ್ಸು ಅಳೆಯಲು ಮಾಡುತ್ತದೆ. ಕೋಳಿಯ ಮೈಬಿಸಿ ಸುಮಾರು 41 ಡಿಗ್ರಿ. ಆಗಷ್ಟೇ ಇಟ್ಟ ಮೊಟ್ಟೆಯಲ್ಲಿ ಗಾಳಿಗೆ ಜಾಗವೇ ಇರುವುದಿಲ್ಲ ಎನ್ನಬಹುದು. ಹೊರಗೆ ಬಂದು ತಣಿದಾಗ ಒಳಗಿನದು ಕುಗ್ಗುತ್ತದೆ, ದಪ್ಪ ತುದಿಯಲ್ಲಿ ಎರಡು ಪೊರೆಗಳ ನಡುವೆ ಸಣ್ಣದೊಂದು ಗಾಳಿಗೂಡು ಮೂಡುತ್ತದೆ. ದಿನ ಕಳೆದಂತೆ ನೀರು ಆವಿಯಾಗುತ್ತ ಹೋಗಿ ಆ ಜಾಗಕ್ಕೆ ಗಾಳಿ ಬರುತ್ತದೆ. ಚಿಪ್ಪು ಗಟ್ಟಿ, ಆದ್ದರಿಂದ ಗಾತ್ರ ಹಾಗೇ ಉಳಿಯುತ್ತದೆ, ತೂಕ ಮಾತ್ರ ಇಳಿಯುತ್ತದೆ. ತಾಜಾ ಮೊಟ್ಟೆ ಅಷ್ಟೇ ಗಾತ್ರದ ನೀರಿಗಿಂತ ಸುಮಾರು ನೂರಕ್ಕೆ ಎಂಟರಷ್ಟು ಭಾರ, ಹಾಗಾಗಿ ಪಾತ್ರೆಯ ತಳದಲ್ಲಿ ಅಡ್ಡ ಮಲಗುತ್ತದೆ. ಒಂದೆರಡು ವಾರದ್ದು ದಪ್ಪ ತುದಿಯನ್ನು ಸ್ವಲ್ಪ ಎತ್ತುತ್ತದೆ, ಇನ್ನೂ ಹಳತು ತಳದಲ್ಲೇ ನೆಟ್ಟಗೆ ನಿಲ್ಲುತ್ತದೆ. ನೀರಿಗಿಂತ ಹಗುರಾದ ದಿನ ತೇಲುತ್ತದೆ.

ಇಲ್ಲಿ ಮೂರು ಎಚ್ಚರಿಕೆ ಬೇಕು. ನೀರಿಗೆ ಉಪ್ಪು ಹಾಕಬೇಡಿ. ಉಪ್ಪು ಜಾಸ್ತಿಯಾದರೆ ಇವತ್ತಿನ ಮೊಟ್ಟೆಯೂ ತೇಲುತ್ತದೆ. ಮೂವತ್ತು ಮೊಟ್ಟೆಯನ್ನೂ ಒಟ್ಟಿಗೆ ಮುಳುಗಿಸಿ, ಒರೆಸಿ, ಮತ್ತೆ ಟ್ರೇಗೆ ಜೋಡಿಸಬೇಡಿ. ಒದ್ದೆಯಾದ ಚಿಪ್ಪು ಬ್ಯಾಕ್ಟೀರಿಯಾಕ್ಕೆ ದಾರಿ ಮಾಡಿಕೊಡುತ್ತದೆ, ಈಗಲೇ ಒಡೆಯುವುದನ್ನಷ್ಟೇ ಪರೀಕ್ಷಿಸಿ. ಮೂರನೆಯದೇ ಮುಖ್ಯ: ಮುಳುಗಿದ ಮಾತ್ರಕ್ಕೆ ಸುರಕ್ಷಿತ ಎಂದು ನಂಬಬೇಡಿ. ರೋಗಾಣು ಸೇರಿತೆಂದು ಮೊಟ್ಟೆಯ ತೂಕವೇನೂ ಬದಲಾಗುವುದಿಲ್ಲ.

ತೇಲಿದ್ದನ್ನ ಒಡೆದು ನೋಡ್ದೆ, ವಾಸನೆಯೇ ಇಲ್ಲ. ಈಗೇನು ಮಾಡ್ಲಿ?

ಅದು ಬರೀ ಒಣಗಿದ ಮೊಟ್ಟೆ ಇರಬಹುದು. ಫ್ರಿಜ್ಜಿನ ಗಾಳಿ ಒಣ, ಅಲ್ಲಿ ಬಹಳ ದಿನ ತೆರೆದಿಟ್ಟ ಮೊಟ್ಟೆ ಕೊಳೆಯದೆಯೇ ತೇಲಬಹುದು. ಎಲ್ಲಿತ್ತು, ಎಷ್ಟು ದಿನವಿತ್ತು ಎಂದು ನಿಮಗೆ ಗೊತ್ತಿದ್ದು, ವಾಸನೆ ಬಣ್ಣ ಎರಡೂ ಸರಿಯಿದ್ದರೆ ಚೆನ್ನಾಗಿ ಬೇಯಿಸಿ ತಿನ್ನಬಹುದು. ಎಲ್ಲಿತ್ತು ಎಂಬುದೇ ಗೊತ್ತಿಲ್ಲದ ಮೊಟ್ಟೆ ತೇಲಿದರೆ ನಾನು ಒಡೆಯುವ ಗೋಜಿಗೂ ಹೋಗುವುದಿಲ್ಲ.

ಕಿವಿ ಹತ್ರ ಹಿಡಿದು ಅಲ್ಲಾಡಿಸಿದ್ರೆ ಗೊತ್ತಾಗುತ್ತಂತಲ್ಲ?

ಲೊಳಕ್ ಲೊಳಕ್ ಎಂದರೆ ಗಾಳಿಗೂಡು ದೊಡ್ಡದಾಗಿದೆ, ಲೋಳೆ ನೀರಾಗಿದೆ ಎಂದು ಅರ್ಥ. ನೀರಿನ ಪರೀಕ್ಷೆ ಹೇಳುವುದನ್ನೇ ಇದು ಇನ್ನಷ್ಟು ಒರಟಾಗಿ ಹೇಳುತ್ತದೆ. ಸದ್ದು ಬರದಿದ್ದರೆ ಏನೂ ತೀರ್ಮಾನಿಸುವಂತಿಲ್ಲ. ನಾನು ಇದನ್ನು ಬಿಟ್ಟು ವರ್ಷಗಳಾದವು.

ಬೆಳಕಿಗೆ ಹಿಡಿದು ನೋಡೋದು ಹೇಗೆ?

ಕತ್ತಲ ಕೋಣೆಯಲ್ಲಿ ಮೊಬೈಲಿನ ಟಾರ್ಚ್ ಹಚ್ಚಿ, ಮೊಟ್ಟೆಯ ದಪ್ಪ ತುದಿಯನ್ನು ಅದರ ಮೇಲಿಡಿ. ಹಿಂದೆ ಮೇಣದಬತ್ತಿಯ ಬೆಳಕಲ್ಲಿ ನೋಡುತ್ತಿದ್ದುದೂ ಇದನ್ನೇ. ಮೇಲ್ತುದಿಯಲ್ಲಿ ತಿಳಿಯಾದ ಟೊಪ್ಪಿಯಂತೆ ಗಾಳಿಗೂಡು ಕಾಣುತ್ತದೆ. ಯುರೋಪಿನಲ್ಲಿ ‘ಎ’ ದರ್ಜೆಯ ಮೊಟ್ಟೆಗೆ ಅದರ ಎತ್ತರ 6 ಮಿಲಿಮೀಟರ್ ದಾಟಬಾರದು. ಮೊಟ್ಟೆಯನ್ನು ಮೆಲ್ಲಗೆ ತಿರುಗಿಸಿ. ತಾಜಾದರಲ್ಲಿ ಹಳದಿ ಮಸುಕು ನೆರಳಿನಂತೆ ನಡುವೆಯೇ ಇರುತ್ತದೆ, ಹಳತಿನಲ್ಲಿ ಅತ್ತಿತ್ತ ಓಡಾಡುತ್ತದೆ. ಕೂದಲೆಳೆಯಂಥ ಬಿರುಕುಗಳೂ ಇದರಲ್ಲಿ ಕಾಣಿಸುತ್ತವೆ, ನನ್ನ ಮಟ್ಟಿಗೆ ಇದರ ದೊಡ್ಡ ಉಪಯೋಗ ಅದೇ. ಒಳಗೆಲ್ಲ ಕಪ್ಪಾಗಿ ಬೆಳಕೇ ಹಾಯದಿದ್ದರೆ ಒಡೆಯದೆ ಹೊರಗೆ ಎಸೆಯಿರಿ. ಕಂದು ಚಿಪ್ಪಿನವು ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ.

## ಒಡೆದ ಮೇಲೆ

ಒಡೆದಾಗ ಏನೇನು ನೋಡ್ಬೇಕು?

ಮೊದಲು ಬೇರೆ ಬಟ್ಟಲಿಗೆ ಒಡೆಯಿರಿ. ಕೇಕಿನ ಹಿಟ್ಟಿಗೆ ನೇರವಾಗಿ ಒಡೆಯುತ್ತ ಹೋಗಿ, ಏಳನೆಯದು ಕೊಳೆತದ್ದಾಗಿ, ಬೆಣ್ಣೆ ಸಕ್ಕರೆ ಆರು ಒಳ್ಳೆಯ ಮೊಟ್ಟೆ ಎಲ್ಲವನ್ನೂ ಸುರಿದವನು ನಾನು. ಆ ದಿನದಿಂದ ಬಟ್ಟಲು ತಪ್ಪಿಸಿಲ್ಲ.

ಬಟ್ಟಲಿಗೆ ಬಿದ್ದೊಡನೆ ಮೂಗು ಹತ್ತಿರ ಒಯ್ಯಿರಿ. ಕೊಳೆತ ಮೊಟ್ಟೆಯ ವಾಸನೆಗೆ ಕಾರಣ ಗಂಧಕವಿರುವ ಹೈಡ್ರೋಜನ್ ಸಲ್ಫೈಡ್. ಅದು ತೀರ ಅತ್ಯಲ್ಪವಿದ್ದರೂ ಮನುಷ್ಯನ ಮೂಗಿಗೆ ಸಿಕ್ಕಿಬೀಳುತ್ತದೆ. ಇದು ವಾಸನೆಯೋ ನನ್ನ ಭ್ರಮೆಯೋ ಎಂದು ಅನುಮಾನ ಬಂದರೆ ಒಂದು ಮೊಟ್ಟೆ ಹೋದರೆ ಹೋಗಲಿ. ಆಮೇಲೆ ಬಣ್ಣ ನೋಡಿ. ಲೋಳೆ ಹರಡಿಕೊಂಡಿದೆ, ಹಳದಿ ಚಪ್ಪಟೆಯಾಗಿದೆ ಎಂದರೆ ಅದು ವಯಸ್ಸಿನ ಗುರುತು ಅಷ್ಟೇ. ತಾಜಾ ಮೊಟ್ಟೆಯಲ್ಲಿ ಹಳದಿಯ ಸುತ್ತ ಗಟ್ಟಿ ಲೋಳೆ ದಿಬ್ಬದ ಹಾಗೆ ನಿಲ್ಲುತ್ತದೆ. ಆ ದಿಬ್ಬದ ಎತ್ತರವನ್ನು ಮೊಟ್ಟೆಯ ತೂಕಕ್ಕೆ ಹೊಂದಿಸಿ ಅಳೆಯುವ ಕ್ರಮವನ್ನು ರೇಮಂಡ್ ಹಾ ಎಂಬಾತ 1937ರಲ್ಲಿ ಕೊಟ್ಟ. ಮೊಟ್ಟೆ ಉದ್ಯಮ ಇವತ್ತಿಗೂ ‘ಹಾ ಯೂನಿಟ್’ ಎಂದು ಲೆಕ್ಕ ಹಾಕುವುದು ಅದನ್ನೇ.

ಹಳದಿ ಮೇಲೆ ರಕ್ತದ ಚುಕ್ಕೆ ಇದೆ. ಮರಿ ಆಗ್ತಿತ್ತಾ?

ಇಲ್ಲ. ಹಳದಿ ಅಂಡಾಶಯದಿಂದ ಬಿಡುಗಡೆಯಾಗುವಾಗ ಸಣ್ಣ ರಕ್ತನಾಳವೊಂದು ಒಡೆದರೆ ಹೀಗಾಗುತ್ತದೆ. ಹುಂಜದ ಸಂಗವೇ ಇಲ್ಲದ ಕೋಳಿಯ ಮೊಟ್ಟೆಯಲ್ಲೂ ಇರುತ್ತದೆ. ಬೇಡವೆನಿಸಿದರೆ ಚಾಕುವಿನ ತುದಿಯಿಂದ ತೆಗೆದುಹಾಕಿ.

ಬಿಳಿ ಭಾಗ ಮೋಡದ ಥರ ಮಸುಕಾಗಿದೆ, ದಾರದಂಥದ್ದೂ ಇದೆ. ಕೆಟ್ಟಿದೆಯಾ?

ತಿರುಗುಮುರುಗು ನಂಬಿಕೆ ಇದು. ಎರಡೂ ತಾಜಾತನದ ಗುರುತು. ಇಂಗಾಲದ ಡೈಆಕ್ಸೈಡ್ ಇನ್ನೂ ಹೊರಹೋಗದೆ ಉಳಿದಿದ್ದರೆ ಲೋಳೆ ಮಸುಕಾಗಿ ಕಾಣುತ್ತದೆ. ಹಳೆಯ ಮೊಟ್ಟೆಯದೇ ತಿಳಿ. ಆ ಬಿಳಿ ದಾರಗಳು ಹಳದಿಯನ್ನು ನಡುವೆ ಹಿಡಿದಿಡುವ ಹಗ್ಗಗಳು, ವಯಸ್ಸಾದಂತೆ ಸಡಿಲವಾಗುತ್ತವೆ. ತೆಗೆಯುವ ಅಗತ್ಯವಿಲ್ಲ.

ಹಸಿರು, ಗುಲಾಬಿ, ಕಪ್ಪು ಬಣ್ಣ ಕಂಡ್ರೆ?

ಹಸಿ ಲೋಳೆಯಲ್ಲಿ ಗುಲಾಬಿ, ಹೊಳೆಯುವ ಹಸಿರು, ಎಣ್ಣೆ ಬಿದ್ದ ನೀರಿನಂಥ ಬಣ್ಣದಾಟ, ಕಪ್ಪು ಕಲೆ, ಯಾವುದೇ ಇರಲಿ, ವಾಸನೆ ಬರದಿದ್ದರೂ ಎಸೆಯಿರಿ. ಸ್ಯೂಡೊಮೊನಸ್ ಜಾತಿಯ ಬ್ಯಾಕ್ಟೀರಿಯಾ ಇಂಥ ಬಣ್ಣ ತರುತ್ತವೆ. ಚಿಪ್ಪಿನ ಮೇಲೆ ಪುಡಿಯಂಥ ಬೂಷ್ಟು ಕಂಡರೂ ಅಷ್ಟೇ. ಲೋಳೆಗೆ ತೀರ ತೆಳುವಾದ ಹಳದಿ-ಹಸಿರು ಛಾಯೆ ಇದ್ದರೆ ಹೆದರಬೇಡಿ, ಅದು ರಿಬೋಫ್ಲಾವಿನ್ ಎಂಬ ಬಿ2 ಜೀವಸತ್ವದ್ದು. ಹಳದಿ ಎಷ್ಟು ಕೆಂಪು, ಎಷ್ಟು ಪೇಲವ ಎನ್ನುವುದು ಕೋಳಿ ತಿಂದ ಮೇವಿನ ಲೆಕ್ಕ, ಅದಕ್ಕೂ ವಯಸ್ಸಿಗೂ ನಂಟಿಲ್ಲ.

ಬೇಯಿಸಿದ ಮೇಲೆ ಹಳದಿ ಸುತ್ತ ಹಸಿರು ಉಂಗುರ ಬಂತು, ಹಳೇ ಮೊಟ್ಟೆಯಾ?

ಬಹುಪಾಲು ಹೆಚ್ಚು ಹೊತ್ತು ಬೇಯಿಸಿದ್ದರ ಫಲ. ಬಿಳಿಯಿಂದ ಹೊರಟ ಗಂಧಕದ ಅನಿಲ ಹಳದಿಯ ಕಬ್ಬಿಣದೊಡನೆ ಕೂಡಿ ಐರನ್ ಸಲ್ಫೈಡ್ ಆಗಿ ಆ ಬಣ್ಣ ಬರುತ್ತದೆ. ಹಳೆಯ ಮೊಟ್ಟೆಯ ಲೋಳೆ ಹೆಚ್ಚು ಕ್ಷಾರೀಯ, ಆದ್ದರಿಂದ ಅದರಲ್ಲಿ ಉಂಗುರ ಬೇಗ ಮೂಡುತ್ತದೆ. ತಿನ್ನಲು ಅಡ್ಡಿಯಿಲ್ಲ. ಬೆಂದ ಕೂಡಲೇ ತಣ್ಣೀರಿಗೆ ಹಾಕಿದರೆ ಬಹಳಷ್ಟು ತಪ್ಪುತ್ತದೆ.

## ಇಡುವುದು, ತೊಳೆಯುವುದು

ತಂದ ತಕ್ಷಣ ತೊಳೆದು ಇಡ್ಬೇಕಾ?

ಬೇಡ. ಕೋಳಿ ಮೊಟ್ಟೆಯಿಡುವಾಗ ಚಿಪ್ಪಿಗೆ ತೆಳುವಾದ ಹೊರಪೊರೆಯೊಂದನ್ನು ಬಳಿದು ಕಳಿಸುತ್ತದೆ. ಚಿಪ್ಪಿನ ಸಾವಿರಾರು ರಂಧ್ರಗಳಿಗೆ ಅದೇ ಬಿರಡೆ. ತೊಳೆದರೆ ಅದು ಹೋಗುತ್ತದೆ. ತಣ್ಣೀರಲ್ಲಿ ತೊಳೆದರೆ ಇನ್ನೂ ಕೆಟ್ಟದ್ದು: ಒಳಗಿನದು ಕುಗ್ಗಿ ಹೊರಗಿನ ಕೊಳೆನೀರನ್ನು ರಂಧ್ರದೊಳಕ್ಕೆ ಎಳೆದುಕೊಳ್ಳುತ್ತದೆ. ಹಿಕ್ಕೆ ಅಂಟಿದ್ದರೆ ಒಣ ಬಟ್ಟೆಯಿಂದ ಒರೆಸಿ, ಅಂಥದ್ದನ್ನು ಮೊದಲು ಬಳಸಿ. ತೊಳೆಯಲೇಬೇಕೆಂದರೆ ಒಡೆಯುವ ಮುಂಚೆ, ಮೊಟ್ಟೆಗಿಂತ ಬಿಸಿಯಿರುವ ನೀರಿನಲ್ಲಿ. ಅಮೆರಿಕ, ಜಪಾನುಗಳಲ್ಲಿ ಕಾರ್ಖಾನೆಯಲ್ಲೇ ತೊಳೆದು ಮಾರುತ್ತಾರೆ, ಯುರೋಪಿನ ಬಹುತೇಕ ಕಡೆ ತೊಳೆಯದೆ ಮಾರುತ್ತಾರೆ. ‘ಅಲ್ಲಿ ಅಂಗಡಿಯಲ್ಲಿ ಹೊರಗೇ ಇಟ್ಟಿರ್ತಾರಲ್ಲ’ ಎಂಬ ವಾದ ಹುಟ್ಟುವುದು ಈ ವ್ಯತ್ಯಾಸದಿಂದ. ತೊಳೆದು ಮಾರಿದ್ದನ್ನು ಮಾತ್ರ ಫ್ರಿಜ್ಜಿನಲ್ಲೇ ಇಡಬೇಕು.

ಫ್ರಿಜ್ಜಿಂದ ತೆಗೆದು ಮರೆತುಬಿಟ್ಟೆ, ರಾತ್ರಿಯೆಲ್ಲಾ ಹೊರಗಿತ್ತು. ವಾಪಸ್ ಇಡ್ಲಾ?

ತಣ್ಣಗಿದ್ದ ಮೊಟ್ಟೆಯನ್ನು ಹೊರಗಿಟ್ಟರೆ ಚಿಪ್ಪು ಬೆವರುತ್ತದೆ. ಆ ತೇವದಲ್ಲಿ ಬ್ಯಾಕ್ಟೀರಿಯಾ ಈಜಿಕೊಂಡು ಒಳಗೆ ಹೋಗುತ್ತವೆ. ಅದಕ್ಕಾಗಿಯೇ ಫ್ರಿಜ್ಜಿನದು ಹೊರಗೆ ಎರಡು ಗಂಟೆ ಮೀರಬಾರದು ಎನ್ನುವುದು. ರಾತ್ರಿಯಿಡೀ ಬೆಚ್ಚಗಿನ ಕೋಣೆಯಲ್ಲಿ ಇದ್ದದ್ದನ್ನು ಎಸೆಯಿರಿ ಎಂದೇ ಹೇಳಬೇಕಾಗುತ್ತದೆ. ಮೊದಲಿನಿಂದಲೂ ಹೊರಗೇ ಇದ್ದ, ತೊಳೆಯದ ಮೊಟ್ಟೆಗೆ ಈ ಎರಡು ಗಂಟೆಯ ಲೆಕ್ಕ ಇಲ್ಲ.

ಫ್ರಿಜ್ಜಿನ ಬಾಗಿಲಲ್ಲೇ ಮೊಟ್ಟೆಗೆ ಜಾಗ ಕೊಟ್ಟಿದಾರಲ್ಲ?

ಕೊಟ್ಟಿದ್ದಾರೆ, ಸರಿಯಾದ ಜಾಗ ಅದಲ್ಲ. ಬಾಗಿಲು ತೆರೆದಾಗಲೆಲ್ಲ ಮೊದಲು ಬಿಸಿಗಾಳಿ ತಾಕುವುದು ಅಲ್ಲಿಗೇ. ಒಳಗಿನ ತಟ್ಟೆಯಲ್ಲಿ, ಮುಚ್ಚಿದ ಡಬ್ಬಿಯಲ್ಲಿ, ಚೂಪು ತುದಿ ಕೆಳಗೆ ಮಾಡಿ ಇಡಿ.

ಬ್ಯಾಗಲ್ಲಿ ತರುವಾಗ ಒಂದು ಬಿರುಕು ಬಿಟ್ಟಿದೆ. ಪರವಾಗಿಲ್ವಾ?

ಈಗಷ್ಟೇ ಬಿರಿದದ್ದು ಖಚಿತವಾದರೆ ಶುಚಿಯಾದ ಡಬ್ಬಿಗೆ ಒಡೆದು, ಮುಚ್ಚಿ, ಫ್ರಿಜ್ಜಿನಲ್ಲಿಟ್ಟು ಎರಡು ದಿನದೊಳಗೆ ಬೇಯಿಸಿ ಮುಗಿಸಿ. ಯಾವಾಗ ಬಿರಿಯಿತೋ ಗೊತ್ತಿಲ್ಲದ್ದು ಕಸಕ್ಕೆ. ಕುದಿಯುವಾಗ ಬಿರಿದದ್ದು ಸುರಕ್ಷಿತ.

ಬೇಯಿಸಿದ್ದು ಹಸಿ ಮೊಟ್ಟೆಗಿಂತ ಬೇಗ ಕೆಡುತ್ತಂತೆ, ಯಾಕೆ?

ಇದನ್ನು ಯಾರೂ ಒಮ್ಮೆಗೇ ನಂಬುವುದಿಲ್ಲ. ಕುದಿಸಿದಾಗ ಹೊರಪೊರೆ ಹೋಗುತ್ತದೆ. ಹಸಿ ಲೋಳೆಯಲ್ಲಿದ್ದ ಕಾವಲುಗಾರ ಪ್ರೋಟೀನುಗಳೂ ಬಿಸಿಗೆ ಮುದುಡಿ ನಿಷ್ಕ್ರಿಯವಾಗುತ್ತವೆ. ಆಮೇಲೆ ಒಳಸೇರಿದ ಬ್ಯಾಕ್ಟೀರಿಯಾಕ್ಕೆ ತಡೆಯೇ ಇಲ್ಲ. ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹಾಕಿ, ಸುಲಿಯದೆ ಇಡಿ.

## ಇನ್ನೂ ಆಳಕ್ಕೆ ಹೋದರೆ

ಇಷ್ಟು ದಿನ ಕೆಡದೆ ಹೇಗೆ ಇರುತ್ತೆ ಮೊಟ್ಟೆ? ಹಾಲು ಒಂದೇ ದಿನಕ್ಕೆ ಒಡೆಯುತ್ತೆ.

ಹಾಲು ಹುಟ್ಟಿದ ಕೂಡಲೇ ಕುಡಿಯಲಿಕ್ಕೆ ಇರುವುದು. ಮೊಟ್ಟೆ ಕಾವಿನಲ್ಲಿ 21 ದಿನ ಮರಿಯನ್ನು ಕಾಯಬೇಕು. ಹಾಗಾಗಿ ಅದರ ಕಟ್ಟೋಣವೇ ಕೋಟೆಯ ಥರ. ಹೊರಪೊರೆ, ಸುಣ್ಣದ ಚಿಪ್ಪು, ಎರಡು ಒಳಪೊರೆ ದಾಟಿ ಬಂದ ಬ್ಯಾಕ್ಟೀರಿಯಾಕ್ಕೆ ಎದುರಾಗುವುದು ಲೋಳೆ. ಅದರಲ್ಲಿರುವ ಲೈಸೊಜೈಮ್ ಹಲವು ಬ್ಯಾಕ್ಟೀರಿಯಾಗಳ ಗೋಡೆಯನ್ನೇ ಕರಗಿಸುತ್ತದೆ. ಪೆನಿಸಿಲಿನ್‌ಗಿಂತ ಮೊದಲು, 1922ರಲ್ಲಿ, ಅಲೆಕ್ಸಾಂಡರ್ ಫ್ಲೆಮಿಂಗ್ ಲೋಕಕ್ಕೆ ತಿಳಿಸಿದ ವಸ್ತು ಇದು. ಓವೊಟ್ರಾನ್ಸ್‌ಫೆರಿನ್ ಎಂಬ ಇನ್ನೊಂದು ಪ್ರೋಟೀನು ಬ್ಯಾಕ್ಟೀರಿಯಾಕ್ಕೆ ಬೇಕಾದ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಇಟ್ಟ ದಿನ ಲೋಳೆಯ ಪಿಎಚ್ 7.6ರ ಆಸುಪಾಸು, ಅನಿಲ ಹೊರಹೋದಂತೆ 9 ದಾಟುತ್ತದೆ. ಅಷ್ಟು ಕ್ಷಾರವೂ ಬಹುತೇಕ ಬ್ಯಾಕ್ಟೀರಿಯಾಕ್ಕೆ ಒಗ್ಗುವುದಿಲ್ಲ.

ಹಳದಿಯ ಕಥೆ ಬೇರೆ. ಅಲ್ಲಿ ಊಟ ಸಮೃದ್ಧ, ಕಾವಲು ಕಡಿಮೆ. ದಿನ ಕಳೆದಂತೆ ಹಳದಿಯ ಸುತ್ತಲಿನ ಪೊರೆ ಸಡಿಲವಾಗುತ್ತದೆ. ಒಳಗೆ ಒಂದಿಷ್ಟು ರೋಗಾಣು ಮೊದಲೇ ಇದ್ದರೆ ಅವು ಹಳದಿ ತಲುಪಿ ಬೆಳೆಯಲು ದಾರಿಯಾಗುವುದು ಆಗ. ವಯಸ್ಸಿಗೂ ಅಪಾಯಕ್ಕೂ ನಿಜವಾದ ಕೊಂಡಿ ಇರುವುದು ಇಲ್ಲಿ, ತಣ್ಣಗಿಟ್ಟರೆ ಅದು ಬಹಳ ನಿಧಾನವಾಗುತ್ತದೆ.

ಸಾಲ್ಮೊನೆಲ್ಲಾ ಇದೆಯಾ ಅಂತ ಮನೇಲಿ ತಿಳಿಯೋಕೆ ಏನಾದ್ರೂ ಉಪಾಯ ಇದೆಯಾ?

ಇಲ್ಲ. ಸಾಲ್ಮೊನೆಲ್ಲಾ ಎಂಟೆರಿಟಿಡಿಸ್ ಎಂಬ ಬಗೆ ಕೋಳಿಯ ಅಂಡಾಶಯಕ್ಕೇ ಸೋಂಕಿ, ಚಿಪ್ಪು ಮೂಡುವ ಮೊದಲೇ ಒಳಸೇರಬಲ್ಲದು. ಕೋಳಿಯೂ ಆರೋಗ್ಯವಾಗಿಯೇ ಕಾಣುತ್ತಿರುತ್ತದೆ. ಇಂಥ ಮೊಟ್ಟೆಗಳು ಅಪರೂಪ, ಆದರೆ ಯಾವುದೆಂದು ಹೊರಗಿನಿಂದ ಹೇಳಲಾಗದು. ಮನೆಯಲ್ಲಿ ಇದಕ್ಕಿರುವ ಉತ್ತರ ತಣ್ಣಗಿಡುವುದು, ಬೇಯಿಸುವುದು.

ಹಾಫ್ ಬಾಯ್ಲ್ ತಿನ್ನಬಹುದಾ? ಎಷ್ಟು ಬೇಯಿಸಿದ್ರೆ ಸಾಕು?

ಬಿಳಿ, ಹಳದಿ ಎರಡೂ ಗಟ್ಟಿಯಾಗುವವರೆಗೆ. ಬಿಳಿ 62-65 ಡಿಗ್ರಿಯಲ್ಲಿ ಹೆಪ್ಪುಗಟ್ಟಲು ಶುರುವಾಗುತ್ತದೆ, ಹಳದಿ ಗಟ್ಟಿಯಾಗಲು 70ರ ಹತ್ತಿರ ಬೇಕು. ಮೊಟ್ಟೆ ಬೆರೆಸಿದ ತಿನಿಸುಗಳ ನಡುಭಾಗ 71 ಡಿಗ್ರಿ ಮುಟ್ಟಬೇಕು ಎಂಬುದು ಆಹಾರ ಸುರಕ್ಷತೆಯವರ ಮಾತು. ಗಟ್ಟಿಯಾದ ಹಳದಿಯೇ ಒಂದು ಥರ್ಮಾಮೀಟರ್ ಎಂದುಕೊಳ್ಳಿ. ಹಾಫ್ ಬಾಯ್ಲ್‌ನ ಹರಿಯುವ ಹಳದಿ ಆ ಮಟ್ಟ ಮುಟ್ಟಿರುವುದಿಲ್ಲ. ತಾಜಾ ಮೊಟ್ಟೆಯಲ್ಲಿ ಅಷ್ಟು ಅಪಾಯವನ್ನು ಆರೋಗ್ಯವಂತರು ತಿಳಿದೇ ಒಪ್ಪಿಕೊಳ್ಳಬಹುದು. ಬಸುರಿಯರು, ಎಳೆಯ ಮಕ್ಕಳು, ವಯಸ್ಸಾದವರು, ರೋಗನಿರೋಧಕ ಶಕ್ತಿ ಕುಂದಿದವರು ಬೇಡ. ಮನೆಯಲ್ಲಿ ಮಾಡುವ ಮಯೋನೀಸ್‌ಗೂ ಇದೇ ಮಾತು. ಹಳೆಯ ಮೊಟ್ಟೆಯಲ್ಲಂತೂ ಯಾರಿಗೂ ಬೇಡ.

ಸ್ವಲ್ಪ ವಾಸನೆ ಇದೆ, ಮಸಾಲೆ ಹಾಕಿ ಚೆನ್ನಾಗಿ ಹುರಿದ್ರೆ ಆಗಲ್ವಾ?

ಆಗಲ್ಲ. ಬಿಸಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಅವು ಮಾಡಿಟ್ಟದ್ದನ್ನೆಲ್ಲ ಅಳಿಸುವುದಿಲ್ಲ. ಸ್ಟೆಫಿಲೊಕಾಕಸ್‌ನಂಥವು ಬಿಡುವ ವಿಷ ಕುದಿಸಿದರೂ ಉಳಿಯುತ್ತದೆ. ಇಡೀ ದಿನ ಹೊರಗಿದ್ದ ಆಮ್ಲೆಟ್ಟನ್ನು ಮತ್ತೆ ಬಿಸಿಮಾಡಿ ತಿನ್ನುವವರಿಗೂ ಇದೇ ಉತ್ತರ.

ಹಳೇದು ಅಂತ ಗೊತ್ತಾಯ್ತು, ಆದ್ರೆ ಕೆಟ್ಟಿಲ್ಲ. ಯಾವುದಕ್ಕೆ ಬಳಸ್ಲಿ?

ಗಟ್ಟಿಯಾಗಿ ಬೇಯಿಸಲು ಹಳತೇ ಮೇಲು. ಲೋಳೆಯ ಕ್ಷಾರ ಏರಿರುವುದರಿಂದ ಅದು ಒಳಪೊರೆಗೆ ಅಂಟಿಕೊಳ್ಳದೆ ಸಿಪ್ಪೆ ಸಲೀಸಾಗಿ ಸುಲಿಯುತ್ತದೆ. ತೀರ ತಾಜಾ ಮೊಟ್ಟೆ ಸುಲಿಯುವ ಹೊತ್ತಿಗೆ ಅರ್ಧ ಬಿಳಿ ಸಿಪ್ಪೆಯ ಜೊತೆಗೇ ಹೋಗಿರುತ್ತದೆ. ಕೇಕು, ಚೆನ್ನಾಗಿ ಬೆಂದ ಆಮ್ಲೆಟ್ಟಿಗೂ ಆದೀತು. ಹಳದಿ ಒಡೆಯದೆ ದುಂಡಗೆ ನಿಲ್ಲಬೇಕಾದ ಅಡುಗೆಗೆ ಹೊಸದೇ ಬೇಕು.

ಜಾಸ್ತಿ ಇದೆ, ಫ್ರೀಜರ್‌ಗೆ ಹಾಕ್ಲಾ?

ಚಿಪ್ಪಿನ ಸಮೇತ ಬೇಡ, ಒಳಗಿನದು ಹಿಗ್ಗಿ ಒಡೆಯುತ್ತದೆ. ಬಿಳಿ-ಹಳದಿ ಕಲಸಿ ಮುಚ್ಚಿದ ಡಬ್ಬಿಯಲ್ಲಿಟ್ಟರೆ ಒಂದು ವರ್ಷದವರೆಗೆ ಇಡಬಹುದು. ಬರೀ ಬಿಳಿಯೂ ಹಾಗೆಯೇ. ಬರೀ ಹಳದಿ ಮಾತ್ರ ಅಂಟಿನಂತೆ ಗಟ್ಟಿಯಾಗಿಬಿಡುತ್ತದೆ; ಚಿಟಿಕೆ ಉಪ್ಪೋ ಸಕ್ಕರೆಯೋ ಬೆರೆಸಿ ಇಟ್ಟರೆ ಅಷ್ಟು ಗಟ್ಟಿಯಾಗದು. ಕರಗಿಸುವುದು ಫ್ರಿಜ್ಜಿನೊಳಗೇ. ಕೆಡುವ ಅಂಚಿಗೆ ಬಂದದ್ದನ್ನು ಫ್ರೀಜರ್ ತಾಜಾ ಮಾಡುವುದಿಲ್ಲ, ಇದ್ದ ಹಾಗೆ ನಿಲ್ಲಿಸುತ್ತದೆ ಅಷ್ಟೇ.

ಬಾತುಕೋಳಿ ಮೊಟ್ಟೆಗೂ ಇದೇ ಲೆಕ್ಕಾನಾ?

ಹೆಚ್ಚುಕಡಿಮೆ ಇದೇ. ಚಿಪ್ಪು ದಪ್ಪ, ಗಾತ್ರ ದೊಡ್ಡದು, ಬೇಯಲು ಹೆಚ್ಚು ಹೊತ್ತು ಬೇಕು. ಬಾತುಗಳು ನೀರು, ಕೆಸರಿನಲ್ಲಿ ಓಡಾಡಿ ಮೊಟ್ಟೆಯಿಡುವುದರಿಂದ ಚಿಪ್ಪು ಕೊಳೆಯಾಗಿರುವ ಸಂಭವ ಜಾಸ್ತಿ. ಇದನ್ನು ಅರೆಬೇಯಿಸಿ ತಿನ್ನಬೇಡಿ.

ತಿಂದಾದ ಮೇಲೆ ಅನುಮಾನ ಬಂತು. ಈಗ ವಾಂತಿ ಮಾಡ್ಲಾ?

ಬೇಡ. ಬರೀ ಹಳೆಯ ಮೊಟ್ಟೆ ತಿಂದವರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಸಾಲ್ಮೊನೆಲ್ಲಾ ಇದ್ದಿದ್ದರೆ 6 ಗಂಟೆಯಿಂದ 6 ದಿನದೊಳಗೆ ಭೇದಿ, ಜ್ವರ, ಹೊಟ್ಟೆನುಲಿತ ಕಾಣಿಸಿಕೊಳ್ಳುತ್ತದೆ. ಬಹುತೇಕರಿಗೆ 4ರಿಂದ 7 ದಿನದಲ್ಲಿ ತಾನಾಗಿ ವಾಸಿಯಾಗುತ್ತದೆ. ಆ ದಿನಗಳಲ್ಲಿ ನೀರು, ಓಆರ್‌ಎಸ್ ಧಾರಾಳವಾಗಿ ಕುಡಿಯಬೇಕು. ಭೇದಿಯಲ್ಲಿ ರಕ್ತ, 39 ಡಿಗ್ರಿ ಸೆಲ್ಸಿಯಸ್ ಮೀರಿದ ಜ್ವರ, ಮೂರು ದಿನವಾದರೂ ನಿಲ್ಲದ ಭೇದಿ, ಕುಡಿದ ನೀರೂ ನಿಲ್ಲದಷ್ಟು ವಾಂತಿ, ಮೂತ್ರ ತೀರ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ಕಾಯದೆ ವೈದ್ಯರ ಬಳಿ ಹೋಗಿ. ಮಗು, ಬಸುರಿ ಅಥವಾ ವಯಸ್ಸಾದವರಾದರೆ ಇಷ್ಟೂ ಕಾಯಬೇಡಿ, ಭೇದಿ-ಜ್ವರ ಶುರುವಾದಾಗಲೇ ಹೋಗಿ.